ಡಿಎನ್‌ಎ ಕಿಟ್ ತರಿಸುವ ಮೊದ್ಲು ಪಾಲುಪಟ್ಟಿ ಹುಡುಕಿ

ಕುಟುಂಬದ ಮೂಲ ಹುಡುಕ್ಬೇಕು ಅಂತ ಮನಸ್ಸಾದ ಕೂಡ್ಲೇ ನಮ್ಮ ತುಳುನಾಡಿನ ಕಡೆ ಸುಮಾರು ಜನ ಮಾಡುದು ಒಂದೇ ಕೆಲ್ಸ, ಆನ್‌ಲೈನಲ್ಲಿ ಡಿಎನ್‌ಎ ಕಿಟ್ ತರಿಸಿ ಎಂಜಲು ಕಳಿಸುದು. ವಾರಗಟ್ಟಲೆ ಕಾದ ಮೇಲೆ "ದಕ್ಷಿಣ ಏಷ್ಯಾ" ಅಂತ ಒಂದು ಬಣ್ಣದ ಮ್ಯಾಪ್ ಬರ್ತದೆ, ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ, ಅಲ್ಲಿಗೆ ನಿಲ್ತದೆ. ನಿಮ್ಮ ಹಿರಿಯರು ಬಂಟ್ವಾಳದವರೋ ಬ್ರಹ್ಮಾವರದವರೋ ಅಂತ ಹೇಳ್ಲಿಕ್ಕೆ ಆ ಮ್ಯಾಪಿನಿಂದ ಆಗುದಿಲ್ಲ. ಮೊದ್ಲು ಹಿರಿಯರು, ಆಮೇಲೆ ಕಾಗದಪತ್ರ, ಡಿಎನ್‌ಎ ಕೊನೆಗೆ. ಈ ಕ್ರಮ ತಪ್ಪಿಸ್ಬೇಡಿ.

ಹಿರಿಯರನ್ನು ಮಾತಾಡಿಸ್ಲಿಕ್ಕೆ ಒಳ್ಳೆ ದಿನ ಅಂದ್ರೆ ನಾಗರಪಂಚಮಿ, ಇಲ್ಲದಿದ್ರೆ ಕುಟುಂಬದ ಮನೆಯಲ್ಲಿ ನಾಗ, ದೈವಗಳಿಗೆ ತಂಬಿಲದ ಪೂಜೆ ಇರುವ ದಿನ, ಎಲ್ಲರೂ ಒಟ್ಟಿಗೆ ಸಿಗ್ತಾರೆ, ಒಬ್ರು ಮರೆತದ್ದನ್ನು ಇನ್ನೊಬ್ರು ನೆನಪು ಮಾಡ್ತಾರೆ. "ನಮ್ಮ ಮೂಲ ಎಲ್ಲಿ" ಅಂತ ಕೇಳ್ಬೇಡಿ, ಪುರಾಣ ಶುರುವಾಗ್ತದೆ. "ನಿಮ್ಮ ಅಮ್ಮನ ಒಟ್ಟಿಗೆ ಹುಟ್ಟಿದವರು ಯಾರೆಲ್ಲ, ಯಾರನ್ನು ಯಾವ ಮನೆಗೆ ಕೊಟ್ಟದ್ದು" ಅಂತ ಕೇಳಿ. ಬರಿ (ಅಮ್ಮನ ಕಡೆಯಿಂದ ಬರುವ ಗೋತ್ರದಂಥದ್ದು) ಯಾವುದು, ಮೂಲ ನಾಗಬನ ಎಲ್ಲುಂಟು, ಕುಟುಂಬದ ದೈವ ಯಾವುದು, ಇದನ್ನೂ ಕೇಳಿಟ್ಕೊಳ್ಳಿ. ಅವರು ತುಳುವಿನಲ್ಲಿ ಹೇಳಿದ್ರೆ ತುಳುವಿನಲ್ಲೇ ಮೊಬೈಲಲ್ಲಿ ರೆಕಾರ್ಡ್ ಮಾಡಿ.

ಇನ್ನು ಕಾಗದ. ಎಲ್ಲರೂ ಎಡವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ.

ಬಂಟರು, ಬಿಲ್ಲವರು, ಮೊಗವೀರರು, ಈ ಕಡೆಯ ಜೈನರು, ಹೀಗೆ ಅಮ್ಮನ ಕಡೆಯಿಂದ ವಂಶ ಇಳಿಯುವ ಅಳಿಯಸಂತಾನ ಕಟ್ಟಿನ ಕುಟುಂಬ ನಿಮ್ದಾದ್ರೆ ನಿಮಗೆ ಬೇಕಾದ ಮುಖ್ಯ ದಾಖಲೆ ಹಳೇ ಪಾಲುಪಟ್ಟಿ, ಅಂದ್ರೆ ಆಸ್ತಿ ಪಾಲು ಮಾಡಿದ ಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿ ಕೊಡಿ ಅಂತ ಒತ್ತಾಯಿಸುವ ಹಕ್ಕು ಯಾರಿಗೂ ಇರ್ಲಿಲ್ಲ, ಅದು ಬಂದ ಮೇಲೆ ಕವರು ಕವರಾಗಿ ಪಾಲಾಯ್ತು. ಕವರು ಅಂದ್ರೆ ಒಬ್ಬಳು ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದ ಅವಳ ಸಂತತಿ. ಆ ಪತ್ರದಲ್ಲಿ ಕುಟುಂಬದ ಸದಸ್ಯರ ಹೆಸರು, ಪ್ರಾಯ, ಅಮ್ಮ ಯಾರು ಅಂತ ಇರ್ತದೆ, ತೊಟ್ಟಿಲಲ್ಲಿ ಮಲಗಿದ್ದ ಮಗುವನ್ನೂ ಬಿಟ್ಟಿರುದಿಲ್ಲ. ಮೊದ್ಲು ಯಜಮಾನರ ಮನೆಯ ಪೆಟ್ಟಿಗೆ ನೋಡಿ. ಅಲ್ಲಿ ಇಲ್ಲದಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಂಡೆಕ್ಸ್ ನೋಡಿಸಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಆನ್‌ಲೈನಲ್ಲಿ ಹುಡುಕಿ ಕಾಲ ಕಳೀಬೇಡಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ (ಋಣಭಾರ ಪತ್ರ) ಸಿಗುದು ಸುಮಾರು 2004ರಿಂದ ಈಚೆಗಿನದ್ದು. ಪಾಲಿನ ವಿಷಯ ಕೋರ್ಟಿಗೆ ಹೋಗಿದ್ರೆ ಇನ್ನೂ ಒಳ್ಳೇದು, ದಾವೆಯ ಒಟ್ಟಿಗೆ ವಂಶವೃಕ್ಷವನ್ನೇ ಬರೆದು ಕೊಟ್ಟಿರ್ತಾರೆ.

ಪತ್ರ ಕೈಗೆ ಬಂದ ಮೇಲೆ ಓದುವ ಕ್ರಮ ಉಂಟು. ಪ್ರಾಯವನ್ನು ಪತ್ರದ ಇಸವಿಯಿಂದ ಕಳೀರಿ, 1952ರ ಪತ್ರದಲ್ಲಿ 40 ಅಂತಿದ್ರೆ ಹುಟ್ಟಿದ್ದು 1912ರ ಆಸುಪಾಸು, ಐದು ವರ್ಷ ಆಚೀಚೆ ಆದ್ರೂ ಚಿಂತೆ ಮಾಡ್ಬೇಡಿ, ಪ್ರಾಯವನ್ನು ಅಂದಾಜಿಗೆ ಬರೆಸ್ತಿದ್ರು. "ಯಾನೆ" ಅಂತ ಇದ್ರೆ ಎರಡು ಹೆಸರನ್ನೂ ಬರ್ಕೊಳ್ಳಿ. ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವ ಪದ್ಧತಿ ಇದ್ದದ್ರಿಂದ ಒಂದೇ ಕುಟುಂಬದಲ್ಲಿ ಮೂರು ಕಲ್ಯಾಣಿ ಇರ್ತಾರೆ, ಹಾಗಾಗಿ ಹೆಸರು ಒಂದನ್ನೇ ನಂಬ್ಬೇಡಿ, ಅಮ್ಮನ ಹೆಸರು ಮತ್ತು ಪ್ರಾಯ ಸೇರಿಸಿಯೇ ಗುರುತು ಹಿಡೀರಿ.

ಅತಿ ದೊಡ್ಡ ತಪ್ಪು ಆಗುದು ಗಂಡಸರ ವಿಷಯದಲ್ಲಿ. ಅಜ್ಜಿಯ ಅಣ್ಣನ ಹೆಸರಿನ ಕೆಳಗೆ ಮಕ್ಕಳೇ ಇಲ್ಲ ಅಂತ ನೋಡಿ "ಅವರಿಗೆ ಸಂತಾನ ಇರ್ಲಿಲ್ಲ" ಅಂತ ಬರ್ದು ಬಿಡ್ತಾರೆ. ಮಕ್ಕಳು ಇದ್ರು ಮಾರಾಯ್ರೆ, ಆದ್ರೆ ಅವರು ಅಮ್ಮನ ಕುಟುಂಬಕ್ಕೆ ಸೇರಿದವರು, ಹಾಗಾಗಿ ಆ ಹೆಸರುಗಳು ಇರುದು ಅವರ ಅಮ್ಮನ ತರವಾಡಿನ (ಕುಟುಂಬದ ಮೂಲಮನೆಯ) ಪಾಲುಪಟ್ಟಿಯಲ್ಲಿ. ಹೆಂಗಸರ ಗಂಡಂದಿರೂ ಹಾಗೆಯೇ, ಅವರು ನಿಮ್ಮ ಕುಟುಂಬದ ಸದಸ್ಯರಲ್ಲ, ಪತ್ರದಲ್ಲಿ ಸಿಗುದಿಲ್ಲ. ಅದಕ್ಕೇ ಒಂದು ಪಾಲುಪಟ್ಟಿಯಿಂದ ಅರ್ಧ ಮರ ಮಾತ್ರ ಆಗುದು, ಮದುವೆಯಾಗಿ ಹೋದ ಪ್ರತಿ ಮನೆಯದ್ದೂ ನೋಡಿದ್ರೆ ಮಾತ್ರ ಪೂರ್ತಿ.

ಗೇಣಿಗೆ ಇದ್ದ ಕುಟುಂಬಗಳಲ್ಲಿ ಪಾಲು ಮಾಡ್ಲಿಕ್ಕೆ ಆಸ್ತಿಯೇ ಇರ್ಲಿಲ್ಲ, ಅಂಥವರು ತಾಲೂಕು ಆಫೀಸಿನಲ್ಲಿ ಡಿಕ್ಲರೇಶನ್ ಫೈಲ್ ಕೇಳಿ, 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ನಮೂನೆ 7ರಲ್ಲಿ ಕೊಟ್ಟ ಅರ್ಜಿ ಅದು. ಯಾರ ಕಾಲದಿಂದ ಸಾಗುವಳಿ ಮಾಡ್ತಾ ಇದ್ದಾರೆ ಅಂತ ಅಜ್ಜ ಭೂನ್ಯಾಯ ಮಂಡಳಿ ಎದುರು ಹೇಳಿದ್ದು ಸಿಕ್ಕಿದ್ರೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ. ಕ್ಯಾಥೊಲಿಕರಿಗೆ ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್. 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಉಳಿದವರು ತಿರುಗಿ ಬಂದದ್ದು 1799ರ ಮೇಲೆ, ಹಾಗಾಗಿ ಅದಕ್ಕಿಂತ ಹಿಂದಿನದ್ದು ಸಿಗುದು ಬಹಳ ಕಷ್ಟ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಆ ಸಭೆಯವರು ಬಲ್ಮಠದ ಥಿಯೊಲಾಜಿಕಲ್ ಕಾಲೇಜಿನಲ್ಲಿ ವಿಚಾರಿಸಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಮಿಷನಿನ ಆರ್ಕೈವ್ಸ್ ಉಂಟು. ಇನ್ನೊಂದು, 1956ರವರೆಗೆ ನಾವು ಮದ್ರಾಸಿಗೆ ಸೇರಿದವರು, ಹಾಗಾಗಿ ಹಳೇ ಸರ್ಕಾರಿ ಕಡತ ಹುಡುಕಿ ಚೆನ್ನೈಗೆ ಹೋಗ್ಬೇಕಾಗಿ ಬರಬಹುದು, ಮಂಜೇಶ್ವರ ಕಾಸರಗೋಡಿನ ಮೂಲದವರು ಕೇರಳದ ಆಫೀಸುಗಳಲ್ಲಿ ಕೇಳ್ಬೇಕು.

ಮರ ಬರೆಯುದು ಸುಲಭ. ಗ್ರ್ಯಾಂಪ್ಸ್ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಅದೇ ಸಾಕು. ಸರ್‌ನೇಮ್ ಜಾಗದಲ್ಲಿ ಬರಿ ಹಾಕ್ಬೇಡಿ, ಬೇರೆ ಕಾಲಮ್ಮಿನಲ್ಲಿ ಬರೀರಿ. ದುಡ್ಡು ಕೊಟ್ರೆ ವಂಶಾವಳಿ ಪಿಡಿಎಫ್ ಮಾಡಿ ಕೊಡ್ತೇವೆ ಅನ್ನುವವರ ಹತ್ರ ಹೋಗ್ಲೇಬೇಡಿ.

ಈಗ ಡಿಎನ್‌ಎ. ಮನೆಯಲ್ಲಿ ಇರುವ ಅತಿ ಹಿರಿಯರದ್ದು ಮಾಡಿಸಿ, ನಿಮ್ದು ಅಲ್ಲ, ಅಜ್ಜಿಯ ಡಿಎನ್‌ಎ ಎರಡು ತಲೆಮಾರು ಹಿಂದೆ ಉಂಟು. ಅವರಿಗೆ ವಿಷಯ ಸರಿಯಾಗಿ ಹೇಳಿ ಒಪ್ಪಿಗೆ ತಗೊಳ್ಳಿ, ಮನೆಯವರಿಗೇ ಗೊತ್ತಿಲ್ಲದ ಸಂಬಂಧವೂ ಹೊರಗೆ ಬರಬಹುದು. ವಯಸ್ಸಾದವರಿಗೆ ಟ್ಯೂಬಿನಲ್ಲಿ ಉಗಿಯುದು ಕಷ್ಟ, ಕೆನ್ನೆ ಒಳಗೆ ಉಜ್ಜುವ ಕಡ್ಡಿ ಇರುವ ಕಿಟ್ಟೇ ತರಿಸಿ, ಎಲೆಅಡಿಕೆ ಹಾಕುವ ಅಭ್ಯಾಸ ಇದ್ರೆ ಬಾಯಿ ತೊಳೆಸಿ ಅರ್ಧ ಗಂಟೆಯಾದ್ರೂ ಕಾಯಿರಿ. ಡಯಟ್, ಮಕ್ಕಳ ಪ್ರತಿಭೆ ಎಲ್ಲ ಸೇರಿಸಿ ಪ್ಯಾಕೇಜ್ ಮಾರುವವರದ್ದು ಬೇಡ, ನಮಗೆ ಬೇಕಾದ್ದು ಮ್ಯಾಚ್ ಲಿಸ್ಟ್, ಅಂದ್ರೆ ಟೆಸ್ಟ್ ಮಾಡಿಸಿದವರಲ್ಲಿ ನಮ್ಮ ಸಂಬಂಧಿಕರಾಗಿರಬಹುದಾದವರ ಪಟ್ಟಿ, ಅದು ಇಲ್ಲದ ಟೆಸ್ಟಿಗೆ ದುಡ್ಡು ಹಾಕ್ಬೇಡಿ. ಸಮುದಾಯದ ಅಧ್ಯಯನ ಬೇರೆ, ಮಂಗಳೂರು ಯುನಿವರ್ಸಿಟಿಯವರೂ ಸೇರಿ ಕೊರಗರ ಡಿಎನ್‌ಎ ನೋಡಿ ಸುಮಾರು 4,400 ವರ್ಷ ಹಿಂದಿನ ಬೇರು ಗುರುತಿಸಿದ್ದಾರೆ, ಬಹಳ ದೊಡ್ಡ ಕೆಲ್ಸ, ಆದ್ರೆ ಅಂಥ ಅಧ್ಯಯನದಲ್ಲಿ ನಿಮ್ಮ ಮುತ್ತಜ್ಜಿ ಯಾರು ಅಂತ ಸಿಗುದಿಲ್ಲ.

ಮ್ಯಾಚ್ ಲಿಸ್ಟಿನಲ್ಲಿ ಸೆಂಟಿಮಾರ್ಗನ್ ಅಂತ ಒಂದು ಲೆಕ್ಕ ಇರ್ತದೆ, ಇಬ್ಬರಲ್ಲಿ ಎಷ್ಟು ಡಿಎನ್‌ಎ ಒಂದೇ ಉಂಟು ಅಂತ ತೋರಿಸುದು ಅದು. ಅಕ್ಕತಂಗಿಯ ಮಕ್ಕಳು ಪರಸ್ಪರ ಸುಮಾರು 850, ಅವರ ಮಕ್ಕಳ ನಡುವೆ ಸುಮಾರು 230. ನಮ್ಮಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗ ಅಂತ ತಲೆಮಾರಿನಿಂದ ಮದುವೆ ಮಾಡ್ಕೊಂಡು ಬಂದದ್ರಿಂದ ಈ ಲೆಕ್ಕ ಉಬ್ಬುತ್ತದೆ, ದೂರದವರೂ ಹತ್ತಿರದವರ ಹಾಗೆ ಕಾಣ್ತಾರೆ. ಒಟ್ಟು ಮೊತ್ತ ಬಿಡಿ, ಇಬ್ಬರಲ್ಲೂ ಒಂದೇ ಇರುವ ಅತಿ ಉದ್ದದ ತುಂಡು ಎಷ್ಟು ಅಂತ ನೋಡಿ, 10ಕ್ಕಿಂತ ಕೆಳಗಿನ ತುಂಡುಗಳನ್ನು ಲೆಕ್ಕಕ್ಕೇ ತಗೊಳ್ಬೇಡಿ. ಅಮ್ಮನಿಂದ ಮಗಳಿಗೆ ಇಳಿಯುವ ಮೈಟೊಕಾಂಡ್ರಿಯಾ ಟೆಸ್ಟ್ ಬರಿಯ ದಾರಿಯಲ್ಲೇ ಹೋಗ್ತದೆ ನಿಜ, ಆದ್ರೆ ಒಂದೇ ಗುಂಪು ಬಂತು ಅಂತ ಹತ್ತಿರದ ನೆಂಟರು ಅಂತ ತಿಳ್ಕೊಳ್ಬೇಡಿ, ಆ ಸಂಬಂಧ ಸಾವಿರಾರು ವರ್ಷ ಹಿಂದಿನದ್ದೂ ಇರಬಹುದು.

ಅಕೌಂಟಿಗೆ ಪೂರ್ತಿ ಹೆಸರು ಹಾಕ್ಬೇಡಿ. 23ಆಂಡ್‌ಮಿ ಅನ್ನುವ ಡಿಎನ್‌ಎ ಟೆಸ್ಟಿನ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಹೊರಗೆ ಹೋಗಿತ್ತು, 2025ರಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕ್ತು. ರಿಸಲ್ಟ್ ಬಂದ ದಿನವೇ ರಾ ಡೇಟಾ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಬೇಕಾದ್ರೆ ಅದನ್ನೇ ಜೆಡ್‌ಮ್ಯಾಚ್ ಅನ್ನುವ ವೆಬ್‌ಸೈಟಿಗೆ ಹಾಕಿ ಬೇರೆ ಕಂಪನಿಯಲ್ಲಿ ಮಾಡಿಸಿದವರ ಒಟ್ಟಿಗೂ ಹೋಲಿಸಬಹುದು. ಆಮೇಲೆ ಮ್ಯಾಚ್ ಸಿಕ್ಕಿದವರಿಗೆ ಮೆಸೇಜ್ ಮಾಡಿ, ಬರೀ ಹಾಯ್ ಅಂತ ಕಳಿಸಿದ್ರೆ ಯಾರೂ ತಿರುಗಿ ಬರೆಯುದಿಲ್ಲ, ತರವಾಡಿನ ಹೆಸರು, ಬರಿ, ಮುತ್ತಜ್ಜಿಯ ಹೆಸರು ಮತ್ತು ಅವರ ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟದ್ದು ಅಂತ ನಾಲ್ಕು ಸಾಲು ಬರೆದು ಕಳಿಸಿ.