ಚೌಳು ಮಣ್ಣಿನಲ್ಲಿ ಗಿಡ ಬದುಕುವುದು ಹೇಗೆ? ಹಳದಿ ಎಲೆಯಿಂದ ಜೀನ್‌ವರೆಗೆ

ಚೌಳು ಮಣ್ಣಿನಲ್ಲಿ ಬೆಳೆದ ಗಿಡದ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಸಲ ನರಗಳು ಹಸಿರಾಗಿದ್ದು, ನಡುವಿನ ಜಾಗವೆಲ್ಲ ಹಳದಿಯಾಗಿರುತ್ತದೆ. ಕಬ್ಬಿಣ ಸಾಲದಾದಾಗ ಕಾಣುವ ಗುರುತು ಇದು. ಹಾಗಂತ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಎಂದಲ್ಲ. ಬೇಕಾದಷ್ಟಿದೆ. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿಲ್ಲ, ಅಷ್ಟೇ.

ಹೆಜ್ಜೆ 1: ಮೊದಲು ಮಣ್ಣು ನೋಡಿ

ರಸಸಾರ (ಪಿಎಚ್) 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. 8.5 ದಾಟಿತೆಂದರೆ ಸಾಮಾನ್ಯವಾಗಿ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಸೇರಿಕೊಂಡಿವೆ ಎಂದರ್ಥ. ರಸಸಾರ ಒಂದಂಕಿ ಏರಿದರೆ ಫೆರಿಕ್ ಕಬ್ಬಿಣ (ಮಣ್ಣಿನಲ್ಲಿ ಹೆಚ್ಚಾಗಿ ಇರುವ ರೂಪ) ನೀರಿನಲ್ಲಿ ಕರಗುವುದು ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ.

ಹೆಜ್ಜೆ 2: ಬೇರಿನ ಕೆಲಸ ಗಮನಿಸಿ

ಸಾಸಿವೆಯ ನೆಂಟ ಅರಬಿಡಾಪ್ಸಿಸ್ ಗಿಡದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಕಬ್ಬಿಣ ಕಡಿಮೆಯಾದಾಗ ಎಫ್‌ಐಟಿ ಎಂಬ ಪ್ರೋಟೀನ್ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ಎಎಚ್‌ಎ2 ಎಂಬ ಪಂಪು ಪ್ರೋಟಾನ್ (ಹುಳಿ ಮಾಡುವ ಹೈಡ್ರೋಜನ್ ಕಣ) ಹೊರಗೆ ತಳ್ಳಿ ಬೇರಿನ ಸುತ್ತ ಹುಳಿ ಮಾಡುತ್ತದೆ. ಎಫ್‌ಆರ್‌ಒ2 ಫೆರಿಕ್ ಕಬ್ಬಿಣವನ್ನು ಬೇರು ಹೀರಬಲ್ಲ ಫೆರಸ್ ರೂಪಕ್ಕೆ ತರುತ್ತದೆ. ಐಆರ್‌ಟಿ1 ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

ಇಲ್ಲೇ ತೊಡಕಿರುವುದು. ಗಿಡ ಎಷ್ಟು ಹುಳಿ ಬಿಟ್ಟರೂ ಬೈಕಾರ್ಬೊನೇಟ್ ಅದನ್ನು ನುಂಗಿಬಿಡುತ್ತದೆ. ಆಗ ಬೇರು ಕೂಮರಿನ್ ಎಂಬ ರಾಸಾಯನಿಕಗಳನ್ನು ಸುರಿಸಿ ಕಬ್ಬಿಣ ಸಡಿಲಿಸಲು ನೋಡುತ್ತದೆ. ಹುಲ್ಲಿನ ಜಾತಿಯ ದಾರಿಯೇ ಬೇರೆ. ಬಾರ್ಲಿ, ಜೋಳಗಳು ಮುಗಿನೆಯಿಕ್ ಆಮ್ಲದ ಗುಂಪಿನ ವಸ್ತುಗಳನ್ನು ಬಿಟ್ಟು, ಕಬ್ಬಿಣವನ್ನು ಅವುಗಳ ಜೊತೆಗೇ ಹಿಡಿದು ತರುತ್ತವೆ. ಬಾರ್ಲಿ ಇದರಲ್ಲಿ ಧಾರಾಳಿ, ಭತ್ತ ಜಿಪುಣ.

ಹೆಜ್ಜೆ 3: ಸೋಡಿಯಂ ಎಲ್ಲಿ ಹೋಗುತ್ತದೆ?

ಎಸ್‌ಒಎಸ್3 ಎಂಬ ಪ್ರೋಟೀನ್ ಕ್ಯಾಲ್ಸಿಯಂ ಸುಳಿವು ಹಿಡಿದು ಎಸ್‌ಒಎಸ್2ಗೆ ತಿಳಿಸುತ್ತದೆ. ಅದು ಎಸ್‌ಒಎಸ್1ನ್ನು ಎಬ್ಬಿಸಿ ಸೋಡಿಯಂ ಹೊರಹಾಕಿಸುತ್ತದೆ. (ಇಲ್ಲಿ ಎಸ್‌ಒಎಸ್ ಎಂದರೆ ಮುಳುಗುವ ಹಡಗಿನ ಕೂಗಲ್ಲ. 'ಉಪ್ಪಿಗೆ ಅತಿ ಸೂಕ್ಷ್ಮ' ಎಂಬುದರ ಇಂಗ್ಲಿಷ್ ಚುಟುಕು. ಈ ಜೀನ್ ಕೆಟ್ಟ ಗಿಡಗಳು ಉಪ್ಪು ತಾಳಲಾರವು, ಅದಕ್ಕೇ ಆ ಹೆಸರು.) ಆದರೆ ಎಸ್‌ಒಎಸ್1 ಸುಮ್ನೆ ಸೋಡಿಯಂ ಬಿಡುವುದಿಲ್ಲ, ಬದಲಿಗೆ ಹೊರಗಿನ ಪ್ರೋಟಾನ್ ಒಳಗೆ ತರಬೇಕು. ಕ್ಷಾರ ಮಣ್ಣಿನಲ್ಲಿ ಪ್ರೋಟಾನೇ ಕಡಿಮೆ ಅಲ್ವಾ? ಬರೀ ಉಪ್ಪಿಗಿಂತ ಚೌಳು ಗಿಡಕ್ಕೆ ಜಾಸ್ತಿ ಕಷ್ಟ ಕೊಡುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 4: ಬ್ರೇಕ್ ಹುಡುಕಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಚೌಳು ತಡೆಯಲು ಹೊಸ ಜೀನ್ ಬೇಕೆಂದೇನೂ ಇಲ್ಲ, ಇರುವುದೊಂದನ್ನು ಸುಮ್ಮನಾಗಿಸಿದರೂ ಆದೀತು. ಅರಬಿಡಾಪ್ಸಿಸ್‌ನಲ್ಲಿ ಪಿಕೆಎಸ್5 ಎಂಬ ಪ್ರೋಟೀನ್ ಆ ಎಎಚ್‌ಎ2 ಪ್ರೋಟಾನ್ ಪಂಪನ್ನು ಹಿಡಿದಿಡುತ್ತದೆ. ಅದಿಲ್ಲದ ಗಿಡ ಕ್ಷಾರವನ್ನು ಹೆಚ್ಚು ತಾಳುತ್ತದೆ. 2023ರಲ್ಲಿ ಚೀನಾದ ವಿಜ್ಞಾನಿಗಳು ಜೋಳದಲ್ಲಿ ಎಟಿ1 ಎಂಬ ಜೀನ್ ಗುರುತಿಸಿದರು. ಕ್ಷಾರದ ಒತ್ತಡದಲ್ಲಿ ಜೀವಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್ ತುಂಬಿ ಗಿಡವನ್ನು ಸುಡುತ್ತದೆ. ಅದನ್ನು ಹೊರಬಿಡುವ ಬಾಗಿಲುಗಳನ್ನು ಎಟಿ1 ಚುರುಕಾಗಲು ಬಿಡುವುದಿಲ್ಲ. ಎಟಿ1 ಕೆಲಸ ನಿಲ್ಲಿಸಿದಾಗ ಜೋಳ, ನವಣೆ, ಭತ್ತ, ಮುಸುಕಿನ ಜೋಳಗಳು ಚೌಳು ಹೊಲದಲ್ಲಿ ಚೆನ್ನಾಗಿ ಬಂದವು.

ಭತ್ತದಲ್ಲಿ ಎಟಿ1ರ ಸೋದರ ಜೀನ್ ಜಿಎಸ್3. ಕಾಳಿನ ಉದ್ದವನ್ನು ತಡೆದು ಹಿಡಿಯುವುದೂ ಅದೇ. ಹಾಗಾಗಿ ಅದಕ್ಕೆ ಕೈ ಹಾಕಿದರೆ ಅಕ್ಕಿಯ ಆಕಾರವೂ ಬದಲಾಗುತ್ತದೆ.