ಎಚ್-ಇಂಡೆಕ್ಸ್ ನೋಡಿ ಸಾರ್ಟ್ ಮಾಡುವುದನ್ನು ಬಿಟ್ಟ ಮೇಲೆ

ಅಧ್ಯಾಪಕರ ಹುದ್ದೆಗೆ ಅರ್ಜಿ ಬಂದಾಗ ಮೊದಲು ತಯಾರಾಗುವುದು ಒಂದು ಎಕ್ಸೆಲ್ ಶೀಟ್. ಹೆಸರು, ವಿಷಯ, ಪೇಪರ್ ಎಷ್ಟು, ಸೈಟೇಶನ್ (ಅಂದರೆ ಬೇರೆ ಪೇಪರುಗಳಲ್ಲಿ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಕೊನೇ ಕಾಲಂ ಹಿಡಿದು ಸಾರ್ಟ್ ಒತ್ತಿದರೆ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಸ್ಕ್ರೂಟಿನಿ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ನಿಲ್ಲಿಸಿದ್ದು ಈ ಸಾರ್ಟನ್ನೇ.

ಎಚ್-ಇಂಡೆಕ್ಸ್ 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಕೊಟ್ಟ ಲೆಕ್ಕ. ತಲಾ ಕನಿಷ್ಠ 10 ಸಲ ಉಲ್ಲೇಖವಾದ 10 ಪೇಪರ್ ಇದ್ದರೆ ಇಂಡೆಕ್ಸ್ 10. ಒಂದೇ ಅಂಕಿಯಿಂದ ಮನುಷ್ಯನನ್ನು ಅಳೆಯಲಾಗದು ಎಂದು ಅವರೇ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಆ ಸಾಲು ಯಾರಿಗೂ ನೆನಪಿಲ್ಲ! ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಹಾಗಾಗಿ ವಯಸ್ಸಾದವರಿಗೆ ಸುಮ್ನೆ ಲಾಭ. ಗಣಿತದಲ್ಲಿ ಸೈಟೇಶನ್ ಕಮ್ಮಿ, ಜೀವವಿಜ್ಞಾನದಲ್ಲಿ ಜಾಸ್ತಿ. ಇಬ್ಬರನ್ನೂ ಒಂದೇ ಶೀಟಿನಲ್ಲಿ ಹಾಕಿದರೆ ಗಣಿತದವರು ಯಾವಾಗಲೂ ಕೆಳಗೇ.

ನಾನು ವಿಷಯವಾರು ಶೀಟ್ ಬೇರೆ ಮಾಡಿದೆ. ಪಿಎಚ್‌ಡಿ ಮುಗಿಸಿದ ವರ್ಷ, ಹೆರಿಗೆ ಅಥವಾ ಕಾಯಿಲೆಗೆ ಬಿಟ್ಟ ಸಮಯ ಎರಡಕ್ಕೂ ಕಾಲಂ ಹಾಕಿದೆ. ಅದೇ ವಿಷಯದಲ್ಲಿ ಅಷ್ಟೇ ವರ್ಷ ಕೆಲಸ ಮಾಡಿದವರ ಜೊತೆಗೇ ಹೋಲಿಕೆ. ಅಂಕಿಗಳೆಲ್ಲ ಒಂದೇ ಕಡೆಯಿಂದ, ಒಂದೇ ದಿನ. ಗೂಗಲ್ ಸ್ಕಾಲರ್ ಥೀಸಿಸ್, ಜರ್ನಲಿನಲ್ಲಿ ಬರುವ ಮೊದಲೇ ಹೊರಬಿಟ್ಟ ಪ್ರಿಪ್ರಿಂಟ್‌ಗಳ ಉಲ್ಲೇಖವನ್ನೂ ಎಣಿಸುತ್ತದೆ, ಅಲ್ಲಿ ಸಂಖ್ಯೆ ದೊಡ್ಡದು. ಒಬ್ಬರದು ಅಲ್ಲಿಂದ, ಇನ್ನೊಬ್ಬರದು ಸ್ಕೋಪಸ್ ಡೇಟಾಬೇಸ್‌ನಿಂದ ತಂದರೆ ಹೋಲಿಕೆಗೆ ಅರ್ಥವಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಹೆಸರುಗಳು. ನಮ್ಮ ಕಡೆ ಇನಿಷಿಯಲ್ ಬರೆಯುವುದೇ ರೂಢಿ ಅಲ್ವಾ? ‘ಎಸ್. ಕುಮಾರ್’ ಎಂದರೆ ಯಾವ ಕುಮಾರ್? ಭೌತಶಾಸ್ತ್ರದ ಅಭ್ಯರ್ಥಿಯೊಬ್ಬರ ಸ್ಕಾಲರ್ ಪುಟದಲ್ಲಿ ದನಗಳ ಕಾಲುಬಾಯಿ ಜ್ವರದ ಪೇಪರ್ ಕೂತಿತ್ತು. ಅವರು ಸೇರಿಸಿದ್ದಲ್ಲ, ತಾನಾಗೇ ಬಂದು ಸೇರಿದ್ದು. ಆಮೇಲಿಂದ ಎಲ್ಲರಿಗೂ ಆರ್ಕಿಡ್ ನಂಬರ್, ಅಂದರೆ ಸಂಶೋಧಕರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಿಗುವ ಗುರುತಿನ ಸಂಖ್ಯೆ, ಕೇಳತೊಡಗಿದೆವು.

ಲೇಖಕರ ಪಟ್ಟಿಯನ್ನೂ ನೋಡಬೇಕು. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಪೇಪರಿಗೆ 5,000ಕ್ಕೂ ಹೆಚ್ಚು ಲೇಖಕರು. ಪ್ರತಿಯೊಬ್ಬರ ಖಾತೆಗೂ ಅದರ ಸೈಟೇಶನ್ ಪೂರ್ತಿ ಜಮೆ. ಅದಕ್ಕೇ ಶಾರ್ಟ್‌ಲಿಸ್ಟ್ ಆದವರಿಗೆ ಹೇಳಿದೆವು: ನಿಮ್ಮ ಐದು ಒಳ್ಳೇ ಕೆಲಸ ಆರಿಸಿ ಕಳಿಸಿ, ಪ್ರತಿಯೊಂದರಲ್ಲೂ ನೀವೇನು ಮಾಡಿದಿರಿ ಅಂತ ನಾಲ್ಕು ಸಾಲು ಬರೆಯಿರಿ. ಆ ನಾಲ್ಕು ಸಾಲಿನಲ್ಲಿ ತಿಳಿದಷ್ಟು ಶೀಟಿನಲ್ಲಿ ತಿಳಿಯಲಿಲ್ಲ. ಉಲ್ಲೇಖ ಎಲ್ಲಿ ಬಂದಿದೆ ಎಂದೂ ತೆಗೆದು ನೋಡಿದೆ. ಕೆಲವರ ಹೆಸರು ಪೀಠಿಕೆಯಲ್ಲಿ ಹತ್ತು ಜನರ ಜೊತೆ ಒಂದೇ ಬ್ರ್ಯಾಕೆಟ್ಟಿನಲ್ಲಿ ಬಂದು ಹೋಗುತ್ತದೆ. ಇನ್ನು ಕೆಲವರ ವಿಧಾನದ ಮೇಲೆಯೇ ಮತ್ತೊಬ್ಬರು ಇಡೀ ಪ್ರಯೋಗ ಕಟ್ಟಿರುತ್ತಾರೆ. ಎಣಿಕೆಯಲ್ಲಿ ಎರಡೂ ಒಂದೊಂದೇ.

‘ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಆದ್ರೂ ನೋಡೋಣ ಸರ್’ ಎಂದರು ಸಮಿತಿಯ ಹಿರಿಯರೊಬ್ಬರು. ಅದು ಜರ್ನಲಿನ ಪೇಪರುಗಳಿಗೆ ಸಿಕ್ಕ ಉಲ್ಲೇಖಗಳ ಸರಾಸರಿ, ಲೇಖಕರದಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ಸಂಶೋಧನೆಯ ಮೌಲ್ಯಮಾಪನದ ಬಗ್ಗೆ ರೂಪುಗೊಂಡ ‘ಡೋರಾ’ ಘೋಷಣೆ ನೇಮಕಾತಿಗೆ ಅದನ್ನು ಬಳಸಬೇಡಿ ಎಂದೇ ಹೇಳುತ್ತದೆ. ನಾನು ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಮಾತು ತೆಗೆದೆ. ಸಂಖ್ಯಾಶಾಸ್ತ್ರದ ದಾರಿಯನ್ನೇ ಬದಲಿಸಿದ ಅವರ 1945ರ ಲೇಖನ ಬಂದದ್ದು ದೊಡ್ಡ ಹೆಸರಿನ ಜರ್ನಲಿನಲ್ಲಲ್ಲ, ಕಲ್ಕತ್ತಾ ಗಣಿತ ಸಂಘದ ಬುಲೆಟಿನ್ನಿನಲ್ಲಿ. ಹಿರಿಯರು ನಕ್ಕು ಮುಂದಿನ ಅರ್ಜಿ ತೆಗೆದರು.

ಮುಂದಿನದು ಕನ್ನಡ ವಿಭಾಗದ್ದು. ಕನ್ನಡದಲ್ಲಿ ಬರೆದ ಪುಸ್ತಕ, ಲೇಖನಗಳ ಉಲ್ಲೇಖ ಈ ಡೇಟಾಬೇಸ್‌ಗಳಿಗೆ ಸಿಗುವುದು ತೀರಾ ಅಪರೂಪ. ಗುಮಾಸ್ತರು ಎಲ್ಲರಿಗೂ ಸೊನ್ನೆ ತುಂಬಿದ್ದರು. ಸೊನ್ನೆ ಅಳಿಸಿ ‘ಅನ್ವಯಿಸುವುದಿಲ್ಲ’ ಎಂದು ಬರೆಸಿದೆ. ಪುಸ್ತಕಗಳನ್ನೇ ತರಿಸಿ ಓದಿದೆವು.

ಹಾಗಂತ ಅಂಕಿಯನ್ನು ಆಚೆ ಎಸೆದಿಲ್ಲ. ಪರಿಚಯದವರ ಶಿಷ್ಯರನ್ನು ವಿಪರೀತ ಹೊಗಳುವ ಪತ್ರ ಬಂದಾಗ ಅದೇ ನಮ್ಮ ನೆರವಿಗೆ ಬರುತ್ತದೆ. ಈಗ ಸಭೆಗೆ ಮೊದಲೇ ಪ್ರತಿಯೊಬ್ಬ ಅಭ್ಯರ್ಥಿಗೂ ಶೀಟಿನ ಅವರ ಸಾಲನ್ನು ಕಳಿಸುತ್ತೇವೆ, ತಪ್ಪಿದ್ದರೆ ಒಂದು ವಾರದೊಳಗೆ ತಿದ್ದಿ ಕಳಿಸಿ ಅಂತ. ತಿದ್ದುಪಡಿ ಕಳಿಸುವವರು ಬೇಕಾದಷ್ಟು ಜನ.