ಸ್ಲೀಪ್ ಅಪ್ನಿಯಾಗೆ ನಾಲಿಗೆ ವ್ಯಾಯಾಮ: ನಾನು ಮಾಡುತ್ತಿರುವುದು ಹೀಗೆ

ಸ್ಲೀಪ್ ಸ್ಟಡಿಯಲ್ಲಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆಯಲ್ಲಿ, ನನ್ನದು ಮಧ್ಯಮ ಮಟ್ಟದ ಅಪ್ನಿಯಾ ಅಂತ ಬಂತು. ಅಂದರೆ ನಿದ್ದೆಯಲ್ಲಿ ಗಂಟೆಗೆ 15ರಿಂದ 30 ಸಲ ಉಸಿರು ಕಟ್ಟುವುದು ಅಥವಾ ತುಂಬಾ ಕಮ್ಮಿಯಾಗುವುದು. ಡಾಕ್ಟರು ಹೇಳಿದ ಸಿಪ್ಯಾಪ್ ಮಷಿನ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ತಗೊಂಡೆ, ಅದನ್ನು ಈಗಲೂ ಹಾಕಿಕೊಂಡೇ ಮಲಗುತ್ತೇನೆ. ವ್ಯಾಯಾಮ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ನಿದ್ದೆ ಹತ್ತಿದಾಗ ನಾಲಿಗೆ, ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದರಂತೂ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಾಳಿಯ ದಾರಿಗೇ ಅಡ್ಡ ಬರುತ್ತದೆ. ಆ ಸ್ನಾಯುಗಳನ್ನು ಗಟ್ಟಿ ಮಾಡುವುದೇ ಇಲ್ಲಿನ ಉಪಾಯ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ 31 ಜನರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 3 ತಿಂಗಳು ವ್ಯಾಯಾಮ ಮಾಡಿದವರಲ್ಲಿ ಉಸಿರು ಕಟ್ಟುವುದು ಅಥವಾ ಕಮ್ಮಿಯಾಗುವುದು ಗಂಟೆಗೆ ಸರಾಸರಿ 22 ಸಲದಷ್ಟಿದ್ದದ್ದು 14ರ ಹತ್ತಿರ ಬಂತು. ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಇದನ್ನು ಗಮನಿಸಿ.

ನನಗೆ ಸ್ಪೀಚ್ ಥೆರಪಿಸ್ಟ್ ಒಬ್ಬರು ಕನ್ನಡಿ ಮುಂದೆ ಕೂರಿಸಿ ಕಲಿಸಿದರು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಶುರು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಒತ್ತಿ, ಅಂಗುಳಿನ ಮೇಲೇ ಹಿಂದಕ್ಕೆ ಜಾರಿಸುವುದು. ಆಮೇಲೆ ಇಡೀ ನಾಲಿಗೆಯನ್ನು ಅಂಗುಳಿಗೆ ಹೀರಿ ಅಂಟಿಸಿ ಹಿಡಿಯುವುದು. ಇದಾದ ಮೇಲೆ ತುದಿ ಕೆಳಗಿನ ಹಲ್ಲಿಗೆ ತಾಗಿರಬೇಕು, ಬುಡವನ್ನು ಮಾತ್ರ ಕೆಳಕ್ಕೆ ಒತ್ತಬೇಕು. ಕೆನ್ನೆಗೂ ಒಂದಿದೆ: ಬಾಯೊಳಗೆ ಬೆರಳಿಟ್ಟು ಕೆನ್ನೆಯನ್ನು ಹೊರಗೆ ತಳ್ಳಿ, ಕೆನ್ನೆಯಿಂದ ಬೆರಳನ್ನು ಒಳಕ್ಕೆ ಒತ್ತುವುದು.

ಕಷ್ಟ ಅನ್ನಿಸಿದ್ದು ಕಿರುನಾಲಿಗೆಯದು. ಬಾಯಿ ಅಗಲಿಸಿ, ಮೊಬೈಲ್ ಟಾರ್ಚ್ ಹಿಡಿದು, 'ಆ' ಅಂತ ಬಿಟ್ಟು ಬಿಟ್ಟು ಹೇಳಬೇಕು, ಪ್ರತಿ ಸಲ ಕಿರುನಾಲಿಗೆ ಮೇಲಕ್ಕೆ ಏಳುವುದು ಕನ್ನಡಿಯಲ್ಲಿ ಕಾಣಬೇಕು, ಅದೇ ಹೊತ್ತಿಗೆ ನಾಲಿಗೆ ಮಾತ್ರ ತೆಪ್ಪಗೆ ಕೆಳಗಿರಬೇಕು. ಮೊದಮೊದಲು ಓಕರಿಕೆ ಬರುತ್ತಿತ್ತು. ಅಭ್ಯಾಸವಾದ ಮೇಲೆ ಸದ್ದೇ ಇಲ್ಲದೆ ಎತ್ತುವುದು ಬಂತು, ಈಗ ಸಿಗ್ನಲ್‌ನಲ್ಲಿ ನಿಂತಾಗಲೂ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಊಟದಲ್ಲಿ ಎರಡೂ ಕಡೆ ಸಮನಾಗಿ ಅಗಿಯುವುದೂ ಇದರದ್ದೇ ಭಾಗ.

ಮೊದಲ ಕೆಲವು ವಾರ ಏನೂ ಬದಲಾಗಲಿಲ್ಲ, ಬೇಜಾರಾಗುತ್ತದೆ, ಅದು ಸಹಜ. ಆಮೇಲೆ ಮಧ್ಯಾಹ್ನ ಮಷಿನ್ ಇಲ್ಲದೆ ಒರಗಿದಾಗ ಗೊರಕೆ ಸಣ್ಣಗಾಗಿದೆ ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. ಹಾಗಂತ ಮಷಿನ್ ಎತ್ತಿಡಬೇಡಿ. ಗೊರಕೆ ಕಮ್ಮಿಯಾದರೂ ಉಸಿರು ಕಟ್ಟುತ್ತಿರಬಹುದು, ಅದನ್ನು ಹೇಳುವುದು ಮತ್ತೊಂದು ಸ್ಲೀಪ್ ಸ್ಟಡಿ ಮಾತ್ರ. ಮೂಗು ಸದಾ ಕಟ್ಟಿರುವವರು ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಆಮೇಲೆ ನಾಲಿಗೆಯ ವಿಚಾರ.